ಒಂದೇ ಹೆಸರಿಗೆ ಎರಡು ಸರ್ವರ್ ಓ ಅಂದಾಗ

ನನ್ನ ಕಸುಬಿನಲ್ಲಿ ಗಿರಾಕಿಯ ಮುಖ ಬಾಡಿದಾಗಲೇ ನನ್ನ ಮುಖ ಅರಳುವುದು. "ಅಕ್ಕೋರೆ, ಸರ್ವರ್ ಮತ್ತ ನಿಂತದ್ರಿ" ಎಂದು ಫೋನು ಬಂದರೆ ಸಾಕು, ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಸ್ಕೂಟಿಯ ಕೀಲಿ ಹುಡುಕಲು ಶುರು ಮಾಡುತ್ತೇನೆ. ಇಷ್ಟು ವರ್ಷ ಕಲಬುರಗಿಯಲ್ಲಿ ಈ ಕೆಲಸ ಮಾಡಿ ನನಗೆ ಗೊತ್ತಾಗಿರುವುದೇನೆಂದರೆ, ಇಂಥ ತಕರಾರುಗಳು ಮುಗಿಯುವುದಿಲ್ಲ. ಒಂದನ್ನು ಸರಿಮಾಡಿ ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗೆ ಇನ್ನೊಂದು ತಯಾರಾಗಿ ಕೂತಿರುತ್ತದೆ.

ಫೈಲ್ ಸರ್ವರ್ ಅಂದರೆ ದೊಡ್ಡದೇನಲ್ಲ. ಅಂಗಡಿಯ ಕಂಪ್ಯೂಟರುಗಳೆಲ್ಲ ಕೈ ಹಾಕುವ ಒಂದು ಕಪಾಟು, ಅಷ್ಟೆ. ಆ ಡಬ್ಬಿಯೊಳಗೆ ಹಲವು ಸೇವೆಗಳು ಕೂಡಿಯೇ ಬಾಳುತ್ತವೆ. ಒಂದು ಫೈಲು ಕೊಡುತ್ತದೆ, ಒಂದು ನಕಲು ತೆಗೆದಿಡುತ್ತದೆ, ಒಂದು ವಿಡಿಯೊ ತೋರಿಸುತ್ತದೆ. ಕೂಡಿ ಬಾಳುವ ಮನೆ ಅಂದ ಮೇಲೆ ಜಗಳ ಇದ್ದದ್ದೇ. ಆ ಜಗಳ ಬಿಡಿಸುವವಳು ನಾನು. ಆದರೆ ಖರೆ ಹೇಳಬೇಕೆಂದರೆ ಜಗಳ ಹಚ್ಚಿದವರು ಯಾವಾಗಲೂ ಡಬ್ಬಿಯ ಹೊರಗೇ ಸಿಗುತ್ತಾರೆ.

ಇವೆಲ್ಲ ಒಂದೇ ಅಂಗಡಿಯ ಕತೆಗಳು. ಜಗತ್ ಸರ್ಕಲ್ ಹತ್ತಿರ ಲಗ್ನಪತ್ರಿಕೆ ಮಾಡುವ ಒಂದು ಪ್ರಿಂಟಿಂಗ್ ಪ್ರೆಸ್, ಕಮಲಾಪುರದಲ್ಲಿ ಅದರದೇ ಸಣ್ಣ ಶಾಖೆ. ಪ್ರೆಸ್ಸಿನ ಜೀವ ಅಂದರೆ ಬಾಜಿ; ಉರ್ದುವಿನಲ್ಲಿ ಅಕ್ಕ ಅಂದ ಹಾಗೆ, ಎಲ್ಲರೂ ಕರೆಯುವುದು ಹಾಗೇ. ಕನ್ನಡ, ಉರ್ದು ಎರಡೂ ಪತ್ರಿಕೆಗಳನ್ನು ಚೆಂದವಾಗಿ ಕೂಡಿಸುವ ಡಿಸೈನರ್. ಊರು ಕಮಲಾಪುರ. ದಿನಾ ಬಸ್ಸು ಹತ್ತಿ ಕಲಬುರಗಿಗೆ ಬಂದು ಹೋಗುತ್ತಿದ್ದವಳು. ಈ ವರ್ಷ ಅವಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಧ್ಯಾಹ್ನ ಅವರಿಗೆ ಉಣ್ಣಿಸಿ ಮಗ್ಗುಲು ಹೊರಳಿಸಲು ಬಾಜಿ ಹತ್ತಿರ ಇರಲೇಬೇಕು. ತನ್ನ ಮನೆಗೆ ಅಂಟಿಕೊಂಡೇ ಇರುವ ಕಮಲಾಪುರದ ಶಾಖೆಯಲ್ಲಿ ಕೂತು ಕೆಲಸ ಮಾಡುತ್ತೇನೆಂದು ಕೇಳಿದಳು. ಜಗತ್‌ನಲ್ಲಿ ಹೊಸ ಸರ್ವರ್ ಇಟ್ಟು, ಕಮಲಾಪುರದಲ್ಲಿ ಅದರ ನಕಲು ಇಟ್ಟುಕೊಳ್ಳುವ ಸಣ್ಣ ಡಬ್ಬಿ ಇಟ್ಟರೆ ಇದು ಆರಾಮಾಗಿ ಆಗುವ ಕೆಲಸ ಎಂದು ಮಾಲೀಕರಿಗೆ ಹೇಳಿದವಳು ನಾನು.

ಮಾಲೀಕರು ಒಪ್ಪಿದರು, ಆದರೆ ಮನಸ್ಸಿನಿಂದಲ್ಲ. "ದಸರಾ ತನಕ ನೋಡ್ತೀನ್ರಿ ಅಕ್ಕೋರೆ. ಅಷ್ಟರಾಗ ಈ ಡಬ್ಬಿ ಧಂದೆ ಕೆಡಿಸ್ತಂದ್ರ ಬಾಜಿ ವಾಪಸ್ ಬಂದು ಇಲ್ಲೇ ಕುಂದರಬೇಕು. ಆಗಲ್ಲಂದ್ರ ನೌಕ್ರಿ ಬಿಡಬೇಕು."

ಹೀಗೆ ಒಂದು ಡಬ್ಬಿಯ ಮೇಲೆ ಬಾಜಿಯ ನೌಕರಿ, ಅವಳ ತಾಯಿಯ ಮಧ್ಯಾಹ್ನದ ಊಟ, ನನ್ನ ಮರ್ಯಾದೆ ಮೂರೂ ಕೂತವು.

೧. ಭಜನೆ ಬಂದ ದಿನ ಕಮಲಾಪುರ ಬಂದ್

ಮೊದಲ ತಿಂಗಳಲ್ಲೇ ಫೋನು ಬಂತು. ಒಂದೊಂದು ದಿನ ಮುಂಜಾನೆ ಬಾಜಿಗೆ ಜಗತ್‌ನ ಫೈಲುಗಳೇ ಸಿಗುತ್ತಿರಲಿಲ್ಲ. ಇನ್ನೊಂದು ದಿನ ನೋಡಿದರೆ ಎಲ್ಲ ಸುಸೂತ್ರ. ನಾನು ಹೋದ ದಿನವಂತೂ ಸರ್ವರ್, ಮಾವನ ಎದುರು ಹೊಸ ಸೊಸೆ ನಿಂತಂತೆ ತಲೆ ತಗ್ಗಿಸಿ ಕೆಲಸ ಮಾಡುತ್ತಿತ್ತು.

ಸುಳಿವು ಕೊಟ್ಟವರು ಮಾಲೀಕರೇ. "ನಾ ಒಂದು ಹಿಡದೀನ್ರಿ. ಮ್ಯಾಲೆ ನಮ್ಮವ್ವನ ಟೀವಿದಾಗ ಭಜನಿ ಬಂದ ದಿನ ಕಮಲಾಪುರ ಬಂದ್. ಭಜನಿ ಬರದಿದ್ದ ದಿನ ಕಮಲಾಪುರ ಚಾಲೂ."

ನನ್ನ ಮೈ ಜುಮ್ಮೆಂದಿತು. ಅಂಗಡಿಯ ಮೇಲೆಯೇ ಅವರ ಮನೆ. ಅವರ ತಾಯಿ, ನಾವೆಲ್ಲ ಅವ್ವ ಅನ್ನುತ್ತೇವೆ, ಭಜನೆಯ ವಿಡಿಯೊ ನೋಡದೆ ಚಹಾ ಕುಡಿಯುವುದಿಲ್ಲ. ಆದರೆ ಭಜನೆಗೂ ಸರ್ವರ್‌ಗೂ ಏನು ನಂಟು? ಸೆಟ್ಟಿಂಗ್ ತೆಗೆದು ನೋಡಿದೆ. ಸರ್ವರ್‌ನಲ್ಲಿ ಎಷ್ಟು ಸೇವೆಗಳಿದ್ದವೋ ಅಷ್ಟನ್ನೂ ಮಾಲೀಕರು ಚಾಲೂ ಮಾಡಿಟ್ಟಿದ್ದರು.

"ರೊಕ್ಕ ಕೊಟ್ಟು ತಂದೇವಲ್ರಿ, ಸುಮ್ಮ ಯಾಕ ಬಂದ್ ಇಡಬೇಕು?" ಎಂದರು. "ಅದರಾಗ ಒಂದು ವಿಡಿಯೊ ತೋರಸ್ತದಂತ. ಅವ್ವನ ಭಜನಿ ಎಲ್ಲಾ ಅದರಾಗ ತುಂಬೀನಿ."

ಈ ಸೇವೆಗಳಿಗೆ ಡಬ್ಬಿಯಲ್ಲಿ ಒಂದೊಂದು ಬಾಗಿಲು, ಬಾಗಿಲಿಗೆ ಒಂದೊಂದು ನಂಬರ್ ಇರಬೇಕು. ಕಮಲಾಪುರದ ಬಾಗಿಲಿಗೆ ನಂಬರ್ ಇಡುವಾಗ, ನೆನಪಿರುವಂಥದ್ದು ಒಂದು ಹೇಳಿ ಎಂದು ನಾನೇ ಕೇಳಿದ್ದೆ. ತಮ್ಮ ಕಾರಿನ ನಂಬರ್ ಹೇಳಿದ್ದರು. ಈಗ ಭಜನೆಯ ಬಾಗಿಲಿಗೂ ನಂಬರ್ ಕೇಳಿದಾಗ ಅವರು ಮತ್ತೆ ಕಾರಿನ ನಂಬರನ್ನೇ ಒತ್ತಿದ್ದರು.

"ಎರಡಕ್ಕೂ ಅದನ್ನೇ ಯಾಕೆ ಹಾಕಿದ್ರಿ?"

"ಅದು ನಮಗ ಕೂಡಿ ಬರ್ತದ್ರಿ."

ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದಿಲ್ಲವೇ, ಹಾಗೇ ಆಗಿತ್ತು. ದಿನಾ ಮುಂಜಾನೆ ಅಂಗಡಿ ತೆರೆದು ಸ್ವಿಚ್ ಹಾಕಿದೊಡನೆ ಎರಡು ಸೇವೆಗಳೂ ಒಂದೇ ಬಾಗಿಲಿಗೆ ಓಡುತ್ತಿದ್ದವು. ಫೈಲು ಮೊದಲು ಟವೆಲ್ ಒಗೆದರೆ ಬಾಜಿಗೆ ಕೆಲಸ, ಭಜನೆ ಮೊದಲು ಒಗೆದರೆ ಅವ್ವನಿಗೆ ಪುಣ್ಯ. ನಾನು ಇದನ್ನು ಕುಣಿಕುಣಿದು ವಿವರಿಸುತ್ತಿದ್ದರೆ ಅವ್ವ ಮೇಲಿನಿಂದಲೇ ತೀರ್ಪು ಕೊಟ್ಟರು: "ದೇವರ ಹೆಸರು ಬಂದ ದಿನ ಧಂದೆ ಬ್ಯಾಡಂತ ಆ ದೇವರೇ ಹೇಳಾಕತ್ತಾನ. ನೀ ಯಾಕ ನಡುವ ಬರ್ತಿ?"

ಒಂದಕ್ಕೆ ಬೇರೆ ನಂಬರ್ ಕೊಡಬೇಕು ಎಂದೆ. ಮಾಲೀಕರು ಬಹಳ ಹೊತ್ತು ವಿಚಾರ ಮಾಡಿ, ಅವ್ವನಿಗೆ ಕಾರಿನದೇ ಇರಲಿ, ಧಂದೆಗೆ ನನ್ನ ಸ್ಕೂಟರಿಂದು ಹಾಕಿರಿ ಎಂದರು. ಆ ಸ್ಕೂಟರ್ ಈಗ ಬಾಗಿಲಲ್ಲಿ ಕಾಣುವುದೇ ಇಲ್ಲವಲ್ಲ ಎಂದು ಕೇಳಿದೆ.

"ಮಾರಿ ಭಾಳ ವರ್ಷ ಆತ್ರಿ. ಗಾಡಿ ಮಾರೀನಿ ಅಕ್ಕೋರೆ, ನಂಬರ್ ಎಲ್ಲಿ ಮಾರೀನಿ?"

೨. ಮುಂದೆ ಓಡುವ ಕಮಲಾಪುರ

ಆಮೇಲೆ ಶುರುವಾದದ್ದು ಮಾಸ್ತರ ಮತ್ತು ಬಾಜಿಯ ನಡುವಿನ ಶೀತಲ ಯುದ್ಧ. ಮಾಸ್ತರು ಅಂದರೆ ನಿವೃತ್ತ ಶಾಲಾ ಶಿಕ್ಷಕರು. ಕೋಟನೂರಿನಿಂದ ಸೈಕಲ್ ಮೇಲೆ ಬಂದು ಜಗತ್‌ನಲ್ಲಿ ಕೂತು ಪತ್ರಿಕೆಗಳನ್ನು ತಿದ್ದುತ್ತಾರೆ. ಅವರು ತಿದ್ದಿಟ್ಟ ಪತ್ರಿಕೆ ಚಹಾ ಕುಡಿದು ಬರುವಷ್ಟರಲ್ಲಿ ತಿದ್ದುವ ಮೊದಲು ಹೇಗಿತ್ತೋ ಹಾಗೇ ಆಗಿರುತ್ತಿತ್ತು.

"ಒಂದೊಂದು ಕ್ಲಾಸಿನಾಗ ನಲವತ್ತು ಮಂದಿ ಹುಡುಗ್ರನ್ನ ತಿದ್ದೀನ್ರಿ, ಈ ಒಬ್ಬಾಕಿನ್ನ ತಿದ್ದಾಕ ಆಗವಲ್ದು" ಎಂದು ಮಾಸ್ತರು ನನಗೆ ಫೋನು ಮಾಡಿದರು. ಅವರ ಲೆಕ್ಕದಲ್ಲಿ ಬಾಜಿ ಬೇಕಂತಲೇ ತಿದ್ದಿದ್ದನ್ನು ಅಳಿಸುತ್ತಿದ್ದಳು.

ಅದಾಗಿ ಸ್ವಲ್ಪ ಹೊತ್ತಿಗೇ ಬಾಜಿಯ ಫೋನು. "ಅಕ್ಕಾ, ಮಾಸ್ತರ್ ಸಾಬ್ ಕಂಪ್ಯೂಟರ್ ಮುಂದ ನಿದ್ದಿ ಹೊಡಿಯಾಕತ್ತಾರ. ಏನೂ ತಿದ್ದೇ ಇಲ್ಲ, ತಿದ್ದೀನಿ ಅಂತ ಹೇಳ್ತಾರ."

ಇಬ್ಬರೂ ಸುಳ್ಳು ಹೇಳುವವರಲ್ಲ. ಮಾಲೀಕರ ತಾಳ್ಮೆ ಮಾತ್ರ ಮುಗಿಯುತ್ತ ಬಂದಿತ್ತು. "ಬಾಜಿ ಇಲ್ಲೇ ಬಂದು ಮಾಸ್ತರ ಎದುರು ಕುಂದರ್ಲಿ. ನಾಳೆ ಸಂಜಿತನಕ ನೋಡ್ತೀನಿ" ಎಂದರು.

ಮರುದಿನ ಸ್ಕೂಟಿ ಹತ್ತಿ ಕಮಲಾಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ತಲೆಯೊಳಗೆ ಒಂದೇ ಯೋಚನೆ. ಎರಡೂ ಡಬ್ಬಿಗಳ ನಡುವೆ ಫೈಲು ಹೊಂದಿಸುವ ಸೇವೆಯದು ಒಂದೇ ನಿಯಮ: ಯಾವುದು ಹೊಸದೋ ಅದು ಗೆಲ್ಲಬೇಕು. ಮಾಸ್ತರು ತಿದ್ದಿದ್ದೇ ಹೊಸದು. ಆದರೂ ಬಾಜಿಯ ಹಳೆಯದು ಯಾಕೆ ಗೆಲ್ಲುತ್ತಿದೆ?

ಶಾಖೆಯ ಬಾಗಿಲಲ್ಲಿ ಕಾಲಿಟ್ಟು ಗೋಡೆಯ ಗಡಿಯಾರ ನೋಡಿದೆ. ಕೈಯಲ್ಲಿದ್ದ ಫೋನು ನೋಡಿದೆ. ಗೋಡೆಯದು ಹತ್ತು ನಿಮಿಷ ಮುಂದಿತ್ತು. ಓಡಿಹೋಗಿ ಡಬ್ಬಿಯ ಗಡಿಯಾರ ನೋಡಿದರೆ ಅದೂ ಹತ್ತು ನಿಮಿಷ ಮುಂದೆ. ಸಂತೋಷಕ್ಕೆ ಬಾಜಿಯ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿಬಿಟ್ಟೆ. ಬಾಜಿ ಮುಂಜಾನೆ ಮಾಡಿಟ್ಟದ್ದಕ್ಕೆ ಮುಂದೆ ಓಡುವ ಗಡಿಯಾರದ ಹೊತ್ತು ಬೀಳುತ್ತಿತ್ತು. ಜಗತ್‌ನಲ್ಲಿ ಮಾಸ್ತರು ಅದನ್ನು ಹತ್ತು ನಿಮಿಷದೊಳಗೆ ತಿದ್ದಿ ಇಟ್ಟರೆ, ತಿದ್ದಿದ್ದೇ ಹಳೆಯದೆಂದು ಲೆಕ್ಕಕ್ಕೆ ಬಂದು ಅಳಿಸಿಹೋಗುತ್ತಿತ್ತು.

ಇದನ್ನು ಯಾರು ಮುಂದೆ ಇಟ್ಟರೆಂದು ಮಾಲೀಕರನ್ನು ಫೋನಿನಲ್ಲಿ ಕೇಳಿದೆ.

"ನಾನಾ ಇಟ್ಟೀನ್ರಿ. ಯಾವ ಅಂಗಡಿದಾಗ ಗಡಿಯಾರ ಬರೋಬ್ಬರಿ ಇರ್ತದ ಹೇಳ್ರಿ? ಮುಂದ ಇಡದಿದ್ರ ಮಂದಿ ಟೈಮಿಗೆ ಬರ್ತಾರೇನು? ಗ್ವಾಡಿದು ಒಂದು, ಡಬ್ಬಿದು ಒಂದು ಇದ್ರ ಜಗಳ ಆಗ್ತದಂತ ಡಬ್ಬಿದೂ ಮುಂದಿಟ್ಟೆ."

ಎರಡನ್ನೂ ಸರಿ ಹೊತ್ತಿಗೆ ತಂದೆ. ಬಾಜಿಯ ಮುಖ ಯಾಕೋ ಸಣ್ಣದಾಯಿತು. ತಕರಾರು ಮುಗಿಯಿತಲ್ಲ, ಇನ್ನೇನು ಎಂದು ಕೇಳಿದೆ.

"ಹಂಗಲ್ಲಕ್ಕಾ. ಗಡಿಯಾರ ಹತ್ತು ನಿಮಿಷ ಮುಂದದ ಅಂತ ನನಗ ಮೊದ್ಲಿಂದ ಗೊತ್ತಿತ್ತು. ದಿನಾ ಸಂಜಿ ಅದನ್ನಾ ನೋಡಿ ಹತ್ತು ನಿಮಿಷ ಮೊದ್ಲಾ ಮನಿಗೆ ಹೋಗ್ತಿದ್ದೆ. ನಾಳಿಂದ ಪೂರಾ ಹೊತ್ತು ಕುಂದರಬೇಕಲ್ಲ."

೩. ಲಗ್ನದ ಫೈಲು ಮುಚ್ಚಬಾರದು

ಹೊತ್ತು ಸರಿಯಾಯಿತು, ಮಾಸ್ತರು ತಿದ್ದಿದ್ದು ಉಳಿಯತೊಡಗಿತು. ಈಗ ಬಾಜಿಗೆ ಫೈಲುಗಳೇ ಬಿಟ್ಟುಕೊಡದಾದವು. ಯಾವ ಪತ್ರಿಕೆ ತೆರೆದರೂ, ಇದನ್ನು ಇನ್ನೊಬ್ಬರು ಬಳಸುತ್ತಿದ್ದಾರೆ, ನೀವು ನೋಡಬಹುದು, ಮುಟ್ಟುವಂತಿಲ್ಲ ಎಂದು ಬರುತ್ತಿತ್ತು. ನೋಡಲು ಬಿಟ್ಟು ಮುಟ್ಟಲು ಬಿಡದಿದ್ದರೆ ಡಿಸೈನರ್ ಏನು ಮಾಡಬೇಕು? ಮಾಲೀಕರು ಮತ್ತೆ ಬಸ್ಸಿನ ಮಾತು ತೆಗೆದರು.

ಜಗತ್‌ಗೆ ಹೋಗಿ ಮಾಸ್ತರ ಕಂಪ್ಯೂಟರ್ ನೋಡಿದೆ. ಒಂದರ ಮೇಲೊಂದು, ಹೋದ ವಾರದಿಂದ ಹಿಡಿದು ಎಲ್ಲ ಪತ್ರಿಕೆಗಳೂ ತೆರೆದೇ ಇದ್ದವು. ಒಬ್ಬರು ತೆರೆದ ಫೈಲನ್ನು ಸರ್ವರ್ ಇನ್ನೊಬ್ಬರಿಗೆ ಮುಟ್ಟಗೊಡುವುದಿಲ್ಲ. ಕೆಲಸ ಮುಗಿದ ಮೇಲೆ ಮುಚ್ಚಿರಿ ಮಾಸ್ತರೆ ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಲಗ್ನದ ಕೆಲಸರಿ ಇದು. ಕೊಬ್ಬರಿ, ಕುಂಕುಮ ಇಟ್ಟು ತೆರೀತೀವಿ. ಅಕ್ಕಿಕಾಳು ಬೀಳೋ ಮೊದ್ಲು ಬಂದ್ ಮಾಡು ಅಂದ್ರ ಹೆಂಗ? ದೀಪ ಆರಸು ಅಂತ ಬಾಯಿಲೆ ಅನ್ನೂದಿಲ್ಲ ನಾವು, ಇನ್ನು ಲಗ್ನ ಬಂದ್ ಮಾಡು ಅಂತೀರಿ. ನನ್ನ ಕೈಲೆ ಆಗೂದಿಲ್ಲ ನೋಡ್ರಿ."

ವಾದ ಮಾಡುವ ಬದಲು ನಾನು ಜಾಣತನ ಮಾಡಿದೆ. ಯಾರೂ ಮುಟ್ಟದೆ ಬಿಟ್ಟ ಫೈಲುಗಳನ್ನು ಸರ್ವರ್ ತಾನೇ ಮುಚ್ಚುವಂತೆ ಹೊಂದಿಸಿಟ್ಟು, ಮಾಸ್ತರಿಗೆ ಹೇಳದೆ ಬಂದೆ. ಎಂಥ ಉಪಾಯ ಎಂದು ದಾರಿಯಲ್ಲಿ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಮರುದಿನ ಮಾಸ್ತರು ಊಟ ಮುಗಿಸಿ ಬಂದು ನೋಡಿದರೆ ಒಂದು ಲಗ್ನದ ಫೈಲು ತಾನಾಗಿ ಮುಚ್ಚಿಕೊಂಡಿತ್ತು. ತಡೆಯಲಾರದೆ ಹೆಣ್ಣಿನ ತಂದೆಗೆ ಫೋನು ಹಚ್ಚಿ, "ಅಲ್ರಿ, ಸುಮ್ಮ ಕೇಳ್ದೆ, ಎಲ್ಲಾ ಬರೋಬ್ಬರಿ ಅದ ಹೌದಲ್ರಿ?" ಎಂದರು. ಲಗ್ನಪತ್ರಿಕೆಯವರು ಹೀಗೆ ಕೇಳಿದರೆ ಯಾವ ತಂದೆ ಸುಮ್ಮನಿದ್ದಾನು? ಅವರು ಗಾಬರಿಯಾಗಿ ಗಂಡಿನ ಮನೆಗೆ ಫೋನು ಮಾಡಿ ಅದನ್ನೇ ಕೇಳಿದರು. ಹೆಣ್ಣಿನವರೇ ಹೀಗೆ ಕೇಳುತ್ತಾರೆಂದರೆ ಅವರಿಗೇ ಮನಸ್ಸಿಲ್ಲವೆಂದು ಗಂಡಿನವರು ತಿಳಿದರು. ನಾನು ಪ್ರೆಸ್ಸಿಗೆ ಮುಟ್ಟುವ ಹೊತ್ತಿಗೆ ಎರಡು ಕ್ರೂಸರ್ ಗಾಡಿಗಳು ಬಾಗಿಲಿಗೆ ಬಂದು ನಿಂತು ಜಗತ್‌ನ ಟ್ರಾಫಿಕ್ ಪೂರಾ ಜಾಮ್.

"ಗಂಡಿನವರು ಏನಾರ ಅಂದಾರೇನ್ರಿ ಮಾಸ್ತರ್? ಇದ್ದದ್ದು ಇದ್ದಂಗ ಹೇಳಿಬಿಡ್ರಿ" ಎಂದು ಹೆಣ್ಣಿನ ತಂದೆ.

"ನಾವೇನ ಅಂದೀವಿ? ನೀವಾ ಬ್ಯಾಡ ಅಂದೀರಂತ ಕೇಳಿ ಓಡಿ ಬಂದೇವಿ" ಎಂದು ಗಂಡಿನ ತಂದೆ.

ಮಾಲೀಕರು ಎಲ್ಲರಿಗೂ ಚಹಾ ತರಿಸಿದರು. ನಾನು ನಡುವೆ ನಿಂತು ತಪ್ಪು ನನ್ನದು, ಡಬ್ಬಿಯ ಸೆಟ್ಟಿಂಗಿನದು ಎಂದು ಕೈಮುಗಿದೆ. ಯಾರಿಗೂ ಏನೂ ತಿಳಿಯಲಿಲ್ಲ, ಆದರೆ ಮನಸ್ಸು ಹಗುರಾಯಿತು. ಬಂದದ್ದು ಬಂದೇವಿ ಎಂದು ಎರಡೂ ಕಡೆಯವರು ಕೂಡಿಯೇ ಸೀರೆ ನೋಡಲು ಹೊರಟರು. ನಾನು ಮಾಸ್ತರಿಗಾಗಿ ಪ್ರತಿ ಪತ್ರಿಕೆಯ ಒಂದು ನಕಲು ಮಾಡಿಕೊಟ್ಟೆ. ಅದು ಲಗ್ನ ಆಗುವ ತನಕ ತೆರೆದೇ ಇರಲಿ, ಅಸಲಿ ಫೈಲು ಬಾಜಿಗೆ ಸಿಗಲಿ.

ಕ್ರೂಸರ್‌ಗಳು ಹೋದ ಮೇಲೆ ಮಾಸ್ತರು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ನೀವು ಕೈ ಮುಗಿಯೋ ಹೊತ್ತಿನ್ಯಾಗ ನಾ ಸಾವಕಾಶ ಆ ಫೈಲ್ ಮತ್ತ ತೆರದಿಟ್ಟೆ. ನೋಡಿದ್ರಲ್ಲ, ಹೆಂಗ ಕೂಡಿ ಹ್ವಾದ್ರು."

೪. ಎರಡು ಸೇವೆ, ಒಂದು ಡಬ್ಬಿ

ಇದು ಸಣ್ಣದು, ಆದರೆ ಹೇಳದೆ ಬಿಡಲಾಗದು. ಕಮಲಾಪುರದ ಡಬ್ಬಿ ದಿನಾ ಮಧ್ಯಾಹ್ನ ತಾನಾಗಿ ನಿಂತುಹೋಗತೊಡಗಿತು. ಯಾವ ಸೇವೆ ಯಾವುದರ ಕಾಲು ಎಳೆಯುತ್ತಿದೆ ಎಂದು ಜೇವರ್ಗಿ ಕಾಲೋನಿಯ ನನ್ನ ಮನೆಯಲ್ಲೇ ಕೂತು ದೂರದಿಂದ ಎರಡು ದಿನ ತಡಕಾಡಿದೆ. ಒಂದೂ ಸಿಗಲಿಲ್ಲ. ಡಬ್ಬಿ ಸಿಕ್ಕಾಪಟ್ಟೆ ಬಿಸಿಯಾಗುತ್ತಿದೆ ಎಂಬುದಷ್ಟೇ ಕಂಡಿತು. ಮೂರನೇ ದಿನ ನಾನೇ ಹೋದೆ. ಒಳಗೆ ಹೋದೊಡನೆ ಘಮಘಮ ವಾಸನೆ.

ಡಬ್ಬಿ ಇಟ್ಟ ಮೂಲೆಯಲ್ಲಿ ಗೋಣಿಚೀಲ ಹೊದಿಸಿತ್ತು. ಎತ್ತಿ ನೋಡಿದರೆ ಡಬ್ಬಿಯ ಸುತ್ತ ಕೆಂಪು ಬಾಳೆಯ ಗೊನೆಗಳು, ನಡುವೆ ನಮ್ಮ ಡಬ್ಬಿ ಉಸಿರು ಕಟ್ಟಿ ಕೂತಿದೆ. ಪಕ್ಕದಲ್ಲಿ ಬಾಳೆಹಣ್ಣಿನ ವ್ಯಾಪಾರ ಮಾಡುವ ಚಾಚಾ ತಂದಿಟ್ಟದ್ದು. ಹಿರಿಯರು, ಬಾಜಿಯ ತಾಯಿಗೆ ದಿನಾ ಹಣ್ಣು ಕಳಿಸುವವರು. ಬೇಡ ಅನ್ನಲು ಬಾಜಿಗೆ ನಾಲಿಗೆ ಏಳಲಿಲ್ಲ.

ಚಾಚಾ ಬಂದು ನನ್ನನ್ನು ಬಾಯಿತುಂಬ ಹೊಗಳಿದರು. "ಬೇಟಿ, ಭಾಳ ಚಲೋ ಮಷೀನ್ ತಂದಿಟ್ಟೀರಿ. ಮೆಲ್ಲಕ ಬೆಚ್ಚಗ ಗಾಳಿ ಬಿಡ್ತದ. ಒಂದ್ ಕಾಯಿ ಹೆಚ್ಚಿಲ್ಲ, ಒಂದ್ ಕಾಯಿ ಕಮ್ಮಿಲ್ಲ, ಎಲ್ಲಾ ಸಮ ಹಣ್ಣಾಗ್ತಾವ."

ಚಾಚಾ, ಇದು ಪ್ರೆಸ್ಸಿನ ಫೈಲು ಇಡುವ ಯಂತ್ರ, ಕಾಯಿ ಮಾಗಿಸುವುದಲ್ಲ ಎಂದು ತಿಳಿಸಿ ಹೇಳಿದೆ. ಅವರು ಬೆರಗಾಗಿ ಡಬ್ಬಿಯ ಸುತ್ತ ಒಂದು ಸುತ್ತು ಬಂದರು.

"ಹೌದಾ? ಇದರಾಗ ಅದೂ ಬರ್ತದೇನು?"

೫. ಅಳಿಯಂದಿರಿಗೆ ಬಂದ ಪತ್ರಿಕೆ

ದಸರಾ ಹತ್ತಿರ ಬಂತು. ಮಾಲೀಕರ ಸಣ್ಣ ಮಗಳ ಲಗ್ನ ಗೊತ್ತಾಗಿತ್ತು. ದೊಡ್ಡ ಮಗಳದು ಹೋದ ವರ್ಷವಷ್ಟೇ ಆಗಿದೆ, ಕೊಟ್ಟಿರುವುದು ಕಮಲಾಪುರಕ್ಕೇ. ಇಬ್ಬರು ಮಕ್ಕಳಲ್ಲಿ ಭೇದ ಮಾಡಿದ ಹಾಗಾಗಬಾರದೆಂದು ಸಣ್ಣವಳ ಪತ್ರಿಕೆಯೂ ದೊಡ್ಡವಳದರಂತೆಯೇ ಇರಬೇಕು, ಅದೇ ಬಣ್ಣ, ಅದೇ ಬಳ್ಳಿ ಎಂದರು. ಬಾಜಿ ಕಮಲಾಪುರದಲ್ಲಿ ಕೂತು, ದೊಡ್ಡವಳ ಫೈಲಿನಲ್ಲೇ ಹೆಸರು, ತಾರೀಖು ಬದಲಿಸಿ ಚೆಂದವಾಗಿ ಮಾಡಿದಳು. ಮಾಸ್ತರು ತಿದ್ದಿದರು. ಮಾಲೀಕರು ನನ್ನನ್ನು ಕರೆದು ಹೇಳಿದರು: "ಇದೊಂದು ಸುಸೂತ್ರ ಆಗ್ಲಿ ಅಕ್ಕೋರೆ, ಬಾಜಿ ಕಮಲಾಪುರದಾಗ ಖಾಯಂ. ಇದರಾಗ ಏನಾರ ಆತು ಅಂದ್ರ ಮತ್ತ ನನ್ನ ಮುಂದ ಬಾಯಿ ತೆರಿಬ್ಯಾಡ್ರಿ."

ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ಎರಡೂ ಕಡೆ ಕೆಲಸ ಬಂದ್. ಕಮಲಾಪುರದ ಡಬ್ಬಿಗೂ ವಿಶ್ರಾಂತಿ. ಮರುದಿನ ದಶಮಿ, ಒಳ್ಳೆಯ ದಿನವೆಂದು ಜಗತ್‌ನಲ್ಲಿ ಪತ್ರಿಕೆ ಮುದ್ರಿಸಿದರು. ಮೊದಲ ಪತ್ರಿಕೆ ದೇವರ ಜಗಲಿಗೆ, ಎರಡನೆಯದು ದೊಡ್ಡ ಅಳಿಯಂದಿರಿಗೆ. ಮೂಲೆಗಳಿಗೆ ಅರಿಶಿನ ಹಚ್ಚಿ, ಲಕೋಟೆಯಲ್ಲಿ ಹಾಕಿ ಮುಂಜಾನೆಯೇ ಕಮಲಾಪುರಕ್ಕೆ ಕಳಿಸಿದರು. ಕೊಡುವ ಮೊದಲು ಯಾರೂ ಓದಲಿಲ್ಲವೇ ಎಂದು ನೀವು ಕೇಳಬಹುದು. ಮನೆಯ ಪತ್ರಿಕೆಯನ್ನು ಮನೆಯವರು ಓದುವುದಿಲ್ಲ, ಕೆಳಗೆ ತಮ್ಮ ಹೆಸರಿದೆಯೋ ಇಲ್ಲವೋ ಅಷ್ಟೇ ನೋಡುತ್ತಾರೆ. ಎಲ್ಲರ ಹೆಸರೂ ಇತ್ತು.

ಸಂಜೆ ಬನ್ನಿ ಕೊಡಲು ನಾನೂ ಹೋಗಿದ್ದೆ. ಅಷ್ಟರಲ್ಲಿ ದೊಡ್ಡ ಅಳಿಯಂದಿರು ಬಂದರು. ಮಾವನ ಕೈಗೆ ಬನ್ನಿ ಕೊಟ್ಟರು, ಕಾಲು ಮುಟ್ಟಿ ನಮಸ್ಕರಿಸಿದರು, ಕೂತು ಒಂದು ಗ್ಲಾಸು ನೀರು ಕುಡಿದರು. ಆಮೇಲೆ ಕಿಸೆಯಿಂದ ಲಕೋಟೆ ತೆಗೆದರು.

"ಮಾವಾರೆ, ಒಂದ್ ಮಾತು ಕೇಳ್ತೀನ್ರಿ. ಸಿಟ್ಟಾಗಬ್ಯಾಡ್ರಿ."

"ಕೇಳ್ರಿ, ಕೇಳ್ರಿ."

"ನಂದು ಮತ್ತೊಮ್ಮೆ ಲಗ್ನ ಇಟ್ಟೀರೇನ್ರಿ?"

ಮಾಲೀಕರು ಹಬ್ಬದ ಚೇಷ್ಟೆ ಎಂದು ಜೋರಾಗಿ ನಕ್ಕರು. ಅಳಿಯಂದಿರು ನಗಲಿಲ್ಲ. "ಹೆಣ್ಣು ಅಕಿನಾ ಅದಾಳ, ಅದಕ್ಕ ನನ್ನ ತಕರಾರು ಏನಿಲ್ರಿ. ತಾರೀಖು ಹೋದ ವರ್ಷದ್ದದ. ಹೆಂಗ ಬರಬೇಕು ಅಂತ ಕೇಳಾಕ ಬಂದೀನಿ. ಹೋದ ಸಲ ದಿಬ್ಬಣ ತಡ ಆಗಿತ್ತಲ್ರಿ, ಅದಕ್ಕ ಅಕಿ, ಈ ಸಲನಾರ ಟೈಮಿಗೆ ಬರ್ರಿ ಅಂದಾಳ."

ಮಾಲೀಕರು ಪತ್ರಿಕೆ ಕಿತ್ತುಕೊಂಡು ಓದಿದರು. ದೊಡ್ಡ ಮಗಳ ಹೆಸರು, ಎದುರಿಗೆ ಕೂತ ಅಳಿಯನ ಹೆಸರು. ಓಡಿಹೋಗಿ ಕಟ್ಟಿಟ್ಟ ಗಂಟು ಬಿಚ್ಚಿದರೆ ಎಲ್ಲವೂ ಅದೇ. "ಬಾಜಿಗೆ ಫೋನ್ ಹಚ್ರಿ" ಎಂದರು. "ನನ್ನ ಮಗಳ ಲಗ್ನದಾಗ ಹಿಂಗ ಮಾಡ್ಯಾಳ. ನಾಳಿಂದ ಬಸ್ ಹತ್ತಿ ಇಲ್ಲಿಗೆ ಬರಬೇಕು, ಇಲ್ಲಾ ಮನ್ಯಾಗ ಕುಂದರಬೇಕು."

ಫೋನಿನಲ್ಲಿ ಬಾಜಿಯ ದನಿ ನಡುಗುತ್ತ ಬಂತು. "ಅಣ್ಣಾರೆ, ಖುದಾ ಕಸಮ್, ನನ್ನ ಹತ್ತಿರ ಸಣ್ಣಕ್ಕನ ಹೆಸರಾ ಅದ. ಕಂಪ್ಯೂಟರ್ ಮುಂದಾ ಕುಂತೀನಿ, ಓದಿ ಹೇಳ್ಲೇನ್ರಿ?" ಓದಿದಳು. ಪ್ರತಿ ಅಕ್ಷರ ಸರಿ ಇತ್ತು. ಗೋಡೆಯಾಚೆ ಮನೆಯಿಂದ ಅವಳ ತಾಯಿ ಏನಾಯಿತೆಂದು ಕೇಳುತ್ತಿದ್ದದ್ದು ನಮಗೂ ಕೇಳಿಸಿತು. ನನಗೆ ಅಳು ಬಂದಂತಾಯಿತು.

ನಾನು ಮಾಸ್ತರ ಕಂಪ್ಯೂಟರ್‌ನಲ್ಲಿ 'ನಮ್ಮನಿ ಲಗ್ನ' ಎಂಬ ಆ ಫೈಲು ತೆರೆದೆ. ಸಣ್ಣ ಮಗಳು. ಮುದ್ರಣ ಯಂತ್ರದ ಪಕ್ಕದ ಕಂಪ್ಯೂಟರ್‌ನಲ್ಲಿ ಅದೇ ಸರ್ವರ್, ಅದೇ ಹೆಸರಿನ ಫೈಲು ತೆರೆದೆ. ದೊಡ್ಡ ಮಗಳು. ಅಳು ಎಲ್ಲಿ ಹೋಯಿತೋ, ಹುರುಪಿನಿಂದ ಕುರ್ಚಿ ಎಳೆದು ಕೂತೆ. ಸರ್ವರ್‌ನ ಹೆಸರು ಹಿಡಿದು ಕರೆದು ನೋಡಿದೆ. ಒಮ್ಮೆ ಒಂದು ಡಬ್ಬಿ ಓ ಅಂದಿತು, ಇನ್ನೊಮ್ಮೆ ಬೇರೆ ಡಬ್ಬಿ ಓ ಅಂದಿತು. ಒಂದೇ ಹೆಸರು, ಒಂದೇ ವಿಳಾಸ, ಓ ಅನ್ನುವವರು ಇಬ್ಬರು.

"ಹಳೇ ಸರ್ವರ್ ಎಲ್ಲಿದೆ?" ಎಂದು ಕೇಳಿದೆ.

"ಅಟ್ಟದ ಮ್ಯಾಲೆ" ಎಂದರು ಮಾಲೀಕರು. ಹಾಗೆ ಹೇಳುತ್ತಿದ್ದಂತೆಯೇ ಅವರ ಬಾಯಿ ನಿಧಾನಕ್ಕೆ ತೆರೆದುಕೊಂಡಿತು.

ಹೊಸ ಸರ್ವರ್ ತಂದಾಗ ಕಂಪ್ಯೂಟರುಗಳಿಗೆ ಗೊಂದಲ ಆಗದಿರಲೆಂದು ಹಳೆಯದರ ಹೆಸರು ವಿಳಾಸಗಳನ್ನೇ ಇದಕ್ಕೆ ಇಟ್ಟು, ಹಳೆಯದನ್ನು ಅಟ್ಟಕ್ಕೆ ಹಾಕಿಸಿದ್ದೆ. ಒಂದು ಬದುಕಿದ್ದಾಗ ಇನ್ನೊಂದು ಏಳಲೇಬಾರದು. ಹಿಂದಿನ ಕೋಣೆಗೆ ಓಡಿದೆ. ಪೂಜೆಯ ಮಣೆಯ ಮೇಲೆ, ಕತ್ತರಿ ಯಂತ್ರದ ಪಕ್ಕದಲ್ಲಿ, ಚೆಂಡುಹೂವಿನ ಒಂದೇ ಹಾರ ಹಾಕಿಕೊಂಡು ಹೊಸದು ಹಳೆಯದು ಎರಡೂ ಮದುಮಕ್ಕಳಂತೆ ಕೂತಿದ್ದವು. ಎರಡರ ಹಸಿರು ದೀಪಗಳೂ ಮಿಣುಕುತ್ತಿದ್ದವು. ಮಾಸ್ತರ ಕಂಪ್ಯೂಟರ್ ಹೊಸದನ್ನು ಹಿಡಿದಿತ್ತು, ಮುದ್ರಣದ್ದು ಹಳೆಯದನ್ನು ಹಿಡಿದು ಹೋದ ವರ್ಷದ ಲಗ್ನವನ್ನೇ ಅಚ್ಚು ಹಾಕಿತ್ತು. ಕಮಲಾಪುರದ ಡಬ್ಬಿ ಪೂಜೆಯ ವಿಶ್ರಾಂತಿಯಲ್ಲಿದ್ದುದರಿಂದ ಬಾಜಿಯ ಪತ್ರಿಕೆಗೆ ಈ ಗಾಳಿಯೇ ತಾಕಿರಲಿಲ್ಲ.

ಗದ್ದಲ ಕೇಳಿ ಅವ್ವ ಕೆಳಗಿಳಿದು ಬಂದರು. "ಇಷ್ಟ್ ವರ್ಷ ಈ ಮನಿಗೆ ಅನ್ನ ಹಾಕ್ಯದ. ಹಬ್ಬದ ದಿನ ಹಿರೇರನ್ನ ಅಟ್ಟದ ಮ್ಯಾಲೆ ಕುಂದರಿಸಿ ಸಣ್ಣವಕ್ಕ ಆರತಿ ಎತ್ತತಾರೇನು? ನಾನಾ ಇಳಿಸಿದೆ."

"ಇಳಿಸಿದ್ದು ಸರಿ ಅವ್ವಾ, ಚಾಲೂ ಯಾಕೆ ಮಾಡಿದ್ರಿ?"

"ಲಾರಿ ಪೂಜಿ ಮಾಡಿ ಇಂಜಿನ್ ಚಾಲೂ ಮಾಡೂದಿಲ್ಲೇನು? ಜೀವ ಇಲ್ಲದ್ದಕ್ಕ ಯಾರು ಪೂಜಿ ಮಾಡ್ತಾರ? ಚಾಲೂ ಆತು, ಆದ್ರ ಹಸರು ದೀಪ ಹತ್ತವಲ್ದಾಗಿತ್ತು. ವೈರ್ ಹಚ್ಚಿಸಿದ ಮ್ಯಾಲೆ ಹತ್ತಿತು."

"ವೈರ್ ಹಚ್ಚಿದವರು ಯಾರು?"

ಅವ್ವ ಮಗನ ಕಡೆ ನೋಡಿದರು. ನಾವೆಲ್ಲರೂ ನೋಡಿದೆವು. ಮಾಲೀಕರು ಮಾತ್ರ ಚೆಂಡುಹೂವಿನ ಕಡೆ ನೋಡುತ್ತಿದ್ದರು. ಫೋನು ಇನ್ನೂ ಚಾಲೂ ಇತ್ತು. ಅತ್ತ ಬಾಜಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ನಾನು ಹಳೆಯದರ ವೈರಿಗೆ ಕೈ ಹಾಕಿದೆ. ಅವ್ವ ನನ್ನ ಕೈ ಹಿಡಿದರು. "ಹೂವ ಬಾಡೋತನಕ ಮುಟ್ಟಬ್ಯಾಡ." ಹಾಗಾದರೆ ಎರಡೂ ಇರಲಿ, ಹಳೆಯದಕ್ಕೆ ಬೇರೆ ಹೆಸರು, ಬೇರೆ ವಿಳಾಸ ಕೊಡುತ್ತೇನೆ, ಜಗಳ ಇರುವುದಿಲ್ಲ ಎಂದೆ. ಅವ್ವನಿಗೆ ಸಿಟ್ಟೇ ಬಂತು. "ಹಿರೇರ ಹೆಸರು ತಗದು ಸಣ್ಣವಕ್ಕ ಇಡ್ತೀಯೇನು? ಇರೋ ಹೆಸರು ಹಿರೇದರದ್ದು. ಬದಲ್ ಮಾಡೂದಿದ್ರ ಸಣ್ಣದರದ್ದು ಮಾಡು." ಅಂದರೆ ಅಂಗಡಿಯ ಅಷ್ಟೂ ಕಂಪ್ಯೂಟರುಗಳನ್ನು ಹೊಸದಾಗಿ ಹೊಂದಿಸಬೇಕು. ಮಾಲೀಕರು, "ಅವ್ವಾ, ಧಂದೆ ಅದ" ಎಂದು ಬಾಯಿ ತೆರೆದರು. "ನಿಂದೂ ಹೆಸರು ಬದಲ್ ಮಾಡ್ಲೇನು?" ಎಂದು ಅವ್ವ ಕೇಳಿದರು. ಬಾಯಿ ಮುಚ್ಚಿದರು.

ನಾನು ನೆಲದ ಮೇಲೆ ಕೂತು ಹೊಸ ಸರ್ವರ್‌ಗೆ ನಾಮಕರಣ ಮಾಡತೊಡಗಿದೆ. ಅಷ್ಟರಲ್ಲಿ ಬಾಜಿ ಶಾಖೆಯ ಸಣ್ಣ ಪ್ರಿಂಟರ್‌ನಲ್ಲಿ ಸರಿಯಾದ ಪತ್ರಿಕೆ ತೆಗೆದು ಅಳಿಯಂದಿರ ಮನೆಗೆ ಮುಟ್ಟಿಸಿಯೂ ಬಂದಳು. ದೊಡ್ಡ ಮಗಳೇ ಫೋನು ಮಾಡಿ, ಈ ಸಲ ತಂಗಿದು ಅದ, ಅಂತ ತಿಳಿಸಿದಳು.

ಮಾಲೀಕರು ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತರು. ಮೆಟ್ಟಿಲ ಕಡೆ ಒಮ್ಮೆ ನೋಡಿ, ಅವ್ವ ಮೇಲೆ ಹೋದರೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದರು:

"ಅಕ್ಕೋರೆ, ಬಾಜಿಗೆ ಹೇಳ್ರಿ, ಅಕಿ ಇನ್ನ ಕಮಲಾಪುರದಾಗ ಖಾಯಂ. ಈ ಧಂದೆದಾಗ ಒಂದಾದ್ರೂ ಸರ್ವರ್ ನಮ್ಮವ್ವನ ಕೈಗೆ ಸಿಗಲಾರದಷ್ಟು ದೂರ ಇರ್ಬೇಕು."